ಮನಸ್ಸು ಕುಗ್ಗಿದಾಗ ಚಿತ್ರ, ಓದು, ಬರಹ: ಎಲ್ಲಿಂದ ಶುರು ಮಾಡುವುದು, ಡಾಕ್ಟರ ಹತ್ತಿರ ಯಾವಾಗ ಹೋಗುವುದು

ಚಿತ್ರ ಬಿಡಿಸುವ, ಕಥೆ ಕವಿತೆ ಬರೆಯುವ ನಮ್ಮ ಕಾಸರಗೋಡು ಕಡೆಯ ಹುಡುಗ ಹುಡುಗಿಯರು ನನ್ನಲ್ಲಿ ಪದೇ ಪದೇ ಕೇಳುವುದು ಒಂದೇ ಮಾತು. "ಅಕ್ಕಾ, ಬ್ರಶ್ ಹಿಡಿಯಲಿಕ್ಕೆ ಮನಸ್ಸೇ ಬರುವುದಿಲ್ಲ. ಪುಸ್ತಕ ತೆರೆದರೆ ಒಂದೇ ಸಾಲನ್ನು ನಾಲ್ಕು ಸಲ ಓದುತ್ತೇನೆ, ತಲೆಗೆ ಹೋಗುವುದಿಲ್ಲ. ಏನು ಮಾಡಲಿ?" ಅದರ ಬೆನ್ನಿಗೇ ಇನ್ನೊಂದು: "ಚಿತ್ರ ಬಿಡಿಸುತ್ತಾ ಇದ್ದರೆ ಡಿಪ್ರೆಶನ್ ಗುಣ ಆಗ್ತದಾ?" ಕುಂಬಳೆಯಿಂದಲೂ ಇದೇ, ಪೆರ್ಲದಿಂದಲೂ ಇದೇ, ಮಂಜೇಶ್ವರದಿಂದಲೂ ಇದೇ. ಒಬ್ಬೊಬ್ಬರಿಗೇ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಹೇಳುತ್ತೇನೆ.

ಎರಡನೆಯ ಪ್ರಶ್ನೆಗೆ ಮೊದಲೇ ಉತ್ತರ ಕೊಡುತ್ತೇನೆ. ಚಿತ್ರ, ಓದು, ಬರಹ ಮೂರೂ ಮನಸ್ಸಿಗೆ ಆಸರೆ ಕೊಡುತ್ತವೆ. ಆದರೆ ಚಿಕಿತ್ಸೆ ಬೇಕಾದವರಿಗೆ ಅವಷ್ಟೇ ಸಾಲುವುದಿಲ್ಲ. ನಾನು ಮಕ್ಕಳ ಪುಸ್ತಕಗಳಿಗೆ ಚಿತ್ರ ಬಿಡಿಸುವವಳು, ಡಾಕ್ಟರ ಹತ್ತಿರವೂ ಹೋಗುವವಳು. ಒಂದಕ್ಕಾಗಿ ಇನ್ನೊಂದನ್ನು ಬಿಡಬೇಕಾದ ಅಗತ್ಯ ನನಗೆ ಯಾವತ್ತೂ ಬರಲಿಲ್ಲ.

ಎಲ್ಲಕ್ಕಿಂತ ಮೊದಲು ಇದು

ಸಾಯಬೇಕು ಅಂತ ಅನಿಸುತ್ತಿದ್ದರೆ ಕೆಳಗಿನ ಯಾವ ಹಂತವೂ ಈಗ ಬೇಡ. ಒಬ್ಬರೇ ಇರಬೇಡಿ. ಮನೆಯಲ್ಲಿ ಯಾರು ಎಚ್ಚರ ಇದ್ದಾರೋ ಅವರ ಹತ್ತಿರ ಹೋಗಿ ಕುಳಿತುಕೊಳ್ಳಿ. 14416ಕ್ಕೆ ಫೋನ್ ಮಾಡಿ. ಇದು ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಶುರುವಾದ ಕೇಂದ್ರ ಸರಕಾರದ ಸಹಾಯವಾಣಿ. ದುಡ್ಡಿಲ್ಲ, ದಿನದ 24 ಗಂಟೆಯೂ ಇರುತ್ತದೆ. ಯಾವ ಭಾಷೆ ಬೇಕು ಅಂತ ಶುರುವಿನಲ್ಲೇ ಕೇಳುತ್ತದೆ, ಕನ್ನಡ ಬೇಕಿದ್ದರೆ ಆಗಲೇ ಹೇಳಿ. ಕೇರಳ ಸರಕಾರದ ದಿಶಾ ಸಹಾಯವಾಣಿಯ ನಂಬರು 1056. ಜೀವಕ್ಕೆ ಅಪಾಯ ಆಗಿದ್ದರೆ ಆಂಬುಲೆನ್ಸ್‌ಗೆ 108.

ಮನೆಯವರು ಇದನ್ನು ಓದುತ್ತಿದ್ದರೆ ನಿಮಗೂ ಒಂದು ಕೆಲಸ ಇದೆ. ತೋಟಕ್ಕೆ ಬಿಡುವ ವಿಷ, ಅಜ್ಜ ಅಜ್ಜಿಯ ಮಾತ್ರೆಗಳ ಡಬ್ಬಿ ಬೀಗ ಹಾಕಿದ ಕಪಾಟಿಗೆ ಹೋಗಲಿ, ಕೀಲಿಕೈ ನಿಮ್ಮ ಹತ್ತಿರ ಇರಲಿ. "ಆಸ್ಪತ್ರೆಗೆ ಕೊಂಡುಹೋದರೆ ಪೊಲೀಸ್ ಕೇಸ್ ಆಗಿ ಶಿಕ್ಷೆ ಆದೀತು" ಅಂತ ಹೆದರಿ ಹೊತ್ತು ಕಳೆಯಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ ಪ್ರಕಾರ, ಜೀವ ತೆಗೆದುಕೊಳ್ಳಲು ಹೊರಟವರು ತೀವ್ರ ಒತ್ತಡದಲ್ಲಿ ಇದ್ದರು ಅಂತಲೇ ತಿಳಿಯಬೇಕು. ಅವರಿಗೆ ಶಿಕ್ಷೆ ಕೊಡುವ ಹಾಗಿಲ್ಲ.

ಬೇಕಾಗುವ ಸಾಮಾನು

ಗೆರೆ ಇಲ್ಲದ ಒಂದು ನೋಟ್ ಪುಸ್ತಕ, ಗೆರೆ ಇರುವ ಒಂದು ನೋಟ್ ಪುಸ್ತಕ, ಒಂದು ಬಾಲ್ ಪೆನ್ನು. ಇಷ್ಟು ಸಾಕು. ದುಬಾರಿ ಸ್ಕೆಚ್ ಪುಸ್ತಕ ತಂದರೆ ಅದನ್ನು ಹಾಳು ಮಾಡಲು ಕೈ ಹೆದರುತ್ತದೆ. ಜಲವರ್ಣ ಈಗ ಬೇಡ. ನಮ್ಮಲ್ಲಿ ಜೂನ್ ತಿಂಗಳಲ್ಲಿ ಮಳೆ ಹಿಡಿದರೆ ಕಾಗದ ಸುಮ್ನೆ ಇಟ್ಟಲ್ಲೇ ತಣಸು ಎಳೆದುಕೊಳ್ಳುತ್ತದೆ. ಬಣ್ಣ ಒಣಗುವುದಿಲ್ಲ, ಅಂಚಿಗೆ ಬೂಸಲು ಬರುತ್ತದೆ. ಮನಸ್ಸು ಸೋತಿರುವಾಗ ಇಂತಹ ಸಣ್ಣ ತೊಂದರೆಯೇ ಸಾಕು, ಎಲ್ಲ ಬಿಟ್ಟುಬಿಡಲು. ಬಾಲ್ ಪೆನ್ನಿಗೆ ಈ ರಗಳೆ ಇಲ್ಲ. ಪುಸ್ತಕಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಗೋಡೆಗೆ ತಾಗದ ಹಾಗೆ ಇಡಿ.

ಹಂತ 1: ಎರಡು ವಾರದ ಲೆಕ್ಕ ಬರೆಯಿರಿ

ಗೆರೆ ಇರುವ ಪುಸ್ತಕದಲ್ಲಿ ದಿನಕ್ಕೆ ಎರಡೇ ಸಾಲು. ರಾತ್ರಿ ಎಷ್ಟು ಹೊತ್ತಿಗೆ ನಿದ್ದೆ ಬಂತು, ಎಷ್ಟಕ್ಕೆ ಎಚ್ಚರ ಆಯಿತು, ಊಟ ಸೇರಿತಾ, ಸ್ನಾನ ಆಯಿತಾ, ಯಾರ ಜೊತೆಗಾದರೂ ಮಾತನಾಡಿದಿರಾ, ಮನಸ್ಸಿಗೆ ಹತ್ತರಲ್ಲಿ ಎಷ್ಟು ಅಂಕ. ಕಾರಣ ಹುಡುಕಬೇಡಿ, ವಿವರಣೆ ಬೇಡ.

ಎರಡು ವಾರ ಯಾಕೆ? ಡಿಪ್ರೆಶನ್ ಇದೆಯೋ ಅಂತ ನೋಡುವಾಗ ಡಾಕ್ಟರುಗಳು ಕಡಿಮೆ ಎಂದರೆ ಅಷ್ಟು ಅವಧಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಪಿಎಚ್‌ಕ್ಯೂ 9 ಅನ್ನುವ ಒಂದು ಪ್ರಶ್ನಾವಳಿ ಇದೆ. ಕಳೆದ ಎರಡು ವಾರದ ಬಗ್ಗೆ ಒಂಬತ್ತು ಪ್ರಶ್ನೆ, ಒಂದೊಂದಕ್ಕೂ 0ರಿಂದ 3ರ ತನಕ ಅಂಕ, ಒಟ್ಟು 27. ಹತ್ತು ಅಥವಾ ಜಾಸ್ತಿ ಬಂದರೆ ಡಾಕ್ಟರನ್ನು ನೋಡುವ ಹೊತ್ತು ಬಂತು ಅಂತ ಅರ್ಥ. ಒಂಬತ್ತನೆಯ ಪ್ರಶ್ನೆ ಸಾವಿನ ಯೋಚನೆಯ ಬಗ್ಗೆ. ಅದೊಂದಕ್ಕೆ ಸೊನ್ನೆ ಬಿಟ್ಟು ಬೇರೆ ಅಂಕ ಬಂದರೆ ಒಟ್ಟು ಎಷ್ಟೇ ಇರಲಿ, ಕಾಯಬೇಡಿ.

ಇಲ್ಲಿ ಜನ ಎಡವುವುದು ಎರಡು ಕಡೆ. ಅಂಕ ನೋಡಿ ತಾವೇ ಕಾಯಿಲೆಯ ಹೆಸರು ಇಟ್ಟುಕೊಳ್ಳುವುದು ಒಂದು. ಈ ಪ್ರಶ್ನಾವಳಿ ಬರೇ ಸೂಚನೆ ಕೊಡುತ್ತದೆ, ಅಷ್ಟೆ. ಥೈರಾಯ್ಡ್ ಏರುಪೇರು, ರಕ್ತ ಕಡಿಮೆ ಇರುವುದು, ಬಿ12 ಕೊರತೆ ಇವೆಲ್ಲ ಇದೇ ತರಹ ಸುಸ್ತು, ಬೇಜಾರು ತರಬಲ್ಲವು. ಇನ್ನೊಂದು, ಎರಡು ವಾರ ಮುಗಿಯಲಿ ಅಂತ ಸುಮ್ನೆ ಕಾಯುತ್ತಾ ಕೂರುವುದು. ನಿದ್ದೆ ಪೂರ್ತಿ ಕೈಕೊಟ್ಟರೆ, ಊಟ ಬಿಟ್ಟುಹೋದರೆ, ನೇರ ಆರನೆಯ ಹಂತಕ್ಕೆ ಬನ್ನಿ.

ಹಂತ 2: ಹತ್ತು ನಿಮಿಷ, ಒಂದೇ ವಸ್ತು

ಕಲ್ಪನೆಯಿಂದ ಚಿತ್ರ ಬಿಡಿಸಬೇಡಿ. ಮನಸ್ಸು ಕುಗ್ಗಿದಾಗ ಕಲ್ಪನೆ ಮೊದಲು ಎಳೆದುಕೊಂಡು ಹೋಗುವುದು ಕತ್ತಲೆಯ ಕಡೆಗೇ. ಕಣ್ಣೆದುರು ಇರುವ ಒಂದು ವಸ್ತುವನ್ನು ತೆಗೆದುಕೊಳ್ಳಿ. ಮೊಬೈಲಿನಲ್ಲಿ ಹತ್ತು ನಿಮಿಷಕ್ಕೆ ಅಲಾರಂ ಇಟ್ಟು ಅದನ್ನು ಕವುಚಿ ಇಡಿ.

ಅಡಿಕೆ ಹಾಳೆಯನ್ನೇ ನೋಡಿ. ತೋಟದಲ್ಲೋ ರಸ್ತೆ ಬದಿಯಲ್ಲೋ ಬಿದ್ದಿರುತ್ತದೆ, ಒಂದನ್ನು ಎತ್ತಿಕೊಂಡು ಬನ್ನಿ. ಹೊರಮೈಯಲ್ಲಿ ಬುಡದಿಂದ ತುದಿಯವರೆಗೆ ಸಣ್ಣ ಸಣ್ಣ ನಾರಿನ ಗೆರೆ, ನಡುನಡುವೆ ಕಂದು ಮಚ್ಚೆ. ಒಳಮೈ ಬೆಣ್ಣೆ ಬಣ್ಣ, ಬೆರಳಿಗೆ ನುಣುಪು. ಒಣಗುತ್ತಾ ಬಂದರೆ ಎರಡೂ ಅಂಚು ಒಳಗೆ ಸುರುಳಿಯಾಗುತ್ತವೆ. ಸೋಗೆ ಶುರುವಾಗುವ ಕಡೆ ಅಗಲ ಒಮ್ಮೆಲೇ ಕಿರಿದಾಗುತ್ತದೆ. ಮೊದಲು ಹೊರಗೆರೆಯನ್ನು ಮಾತ್ರ ಎಳೆಯಿರಿ. ಪೆನ್ನು ಎತ್ತದೆ ನಿಧಾನಕ್ಕೆ, ಕಣ್ಣು ಹಾಳೆಯ ಅಂಚಿನಲ್ಲಿ ಎಷ್ಟು ಮೆಲ್ಲಗೆ ಹೋಗುತ್ತದೋ ಪೆನ್ನೂ ಅಷ್ಟೇ ಮೆಲ್ಲಗೆ. ಆಮೇಲೆ ನಾರಿನ ಗೆರೆಗಳು. ಅಲಾರಂ ಹೊಡೆದ ಕೂಡಲೇ ನಿಲ್ಲಿಸಿ. ಅರ್ಧ ಆಗಿದ್ದರೂ ನಿಲ್ಲಿಸಿ, ತಾರೀಕು ಹಾಕಿ. ನಾಳೆಗೆ ಬೇರೆ ವಸ್ತು: ಬಚ್ಚಿರೆ (ವೀಳ್ಯದೆಲೆ) ಪೆಟ್ಟಿಗೆ, ತೆಂಗಿನ ಗೆರಟೆ, ಬಾಗಿಲ ಹತ್ತಿರದ ಚಪ್ಪಲಿ.

ಇದರಿಂದ ಏನಾಗುತ್ತದೆ? ನೋಡುವ ಕೆಲಸದಲ್ಲಿ ಮನಸ್ಸು ತೊಡಗಿದಾಗ, ಹಳೆಯ ಮಾತುಗಳನ್ನು ಮೆಲುಕು ಹಾಕಲು ಅದಕ್ಕೆ ಅಷ್ಟು ಪುರುಸೊತ್ತು ಸಿಗುವುದಿಲ್ಲ. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಗಿರಿಜಾ ಕೈಮಲ್ ಮತ್ತು ತಂಡ 2016ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. 39 ಮಂದಿಯನ್ನು 45 ನಿಮಿಷ ಚಿತ್ರ, ಜೇಡಿಮಣ್ಣು, ಕೊಲಾಜ್ ಹೀಗೆ ಇಷ್ಟ ಬಂದದ್ದನ್ನು ಮಾಡಲು ಬಿಟ್ಟರು. ಮೊದಲು ಮತ್ತು ನಂತರ ಅವರ ಎಂಜಲಿನಲ್ಲಿ ಕಾರ್ಟಿಸಾಲ್ ಎಷ್ಟಿದೆ ಅಂತ ಅಳೆದರು. ಕಾರ್ಟಿಸಾಲ್ ಅಂದರೆ ಮೈ ಒತ್ತಡದಲ್ಲಿರುವಾಗ ಏರುವ ಹಾರ್ಮೋನು. ಸುಮಾರು 75 ಶೇಕಡಾ ಮಂದಿಯಲ್ಲಿ ಅದು ಇಳಿದಿತ್ತು. ಮೊದಲೇ ಚಿತ್ರ ಕಲಿತವರು, ಕಲಿಯದವರು ಅನ್ನುವ ವ್ಯತ್ಯಾಸ ಕಾಣಲಿಲ್ಲ. ಸಣ್ಣ ಅಧ್ಯಯನ, ಕಾಯಿಲೆ ಗುಣ ಆಯಿತು ಅಂತ ಅದು ಹೇಳುವುದೂ ಇಲ್ಲ. ಆದರೂ "ನನ್ನ ಕೈ ಚೆನ್ನಾಗಿಲ್ಲ" ಅಂತ ಹಿಂಜರಿಯುವವರಿಗೆ ಇದನ್ನು ನಾನು ಹೇಳಿಯೇ ಹೇಳುತ್ತೇನೆ.

ದೊಡ್ಡ ಎಚ್ಚರಿಕೆ: ಈ ಪುಸ್ತಕದ ಚಿತ್ರವನ್ನು ಇನ್‌ಸ್ಟಾಗ್ರಾಮಿಗೆ ಹಾಕಬೇಡಿ. ಒಂದನ್ನೂ ಹಾಕಬೇಡಿ. ಹಾಕಿದ ಕ್ಷಣದಿಂದ ಎಷ್ಟು ಲೈಕ್ ಬಂತು ಅಂತ ನೋಡುವ ಕೆಲಸ ಶುರುವಾಗುತ್ತದೆ. ಮಾರನೇ ದಿನ ಬಿಡಿಸಲು ವಸ್ತು ಎತ್ತಿಕೊಳ್ಳುವಾಗ ಅದು ಚಂದ ಕಾಣುತ್ತದಾ ಅಂತ ನೋಡುತ್ತೀರಿ. ಮನಸ್ಸಿಗೆ ಬೇಕಾದ ಚಿತ್ರ ಬೇರೆ, ಜನರಿಗೆ ತೋರಿಸುವ ಚಿತ್ರ ಬೇರೆ.

ಕಳಿಯಾಟ (ತೆಯ್ಯಂ ಉತ್ಸವ), ಕೋಲ, ಯಕ್ಷಗಾನದ ಚೌಕಿಯಲ್ಲಿ (ವೇಷ ಕಟ್ಟುವ ಜಾಗ) ಕುಳಿತು ಸ್ಕೆಚ್ ಮಾಡಬಹುದಾ ಅಂತಲೂ ಕೇಳುತ್ತಾರೆ. ಖಂಡಿತ ಮಾಡಬಹುದು. ಯಕ್ಷಗಾನದ ಕಲಾವಿದರು ಕನ್ನಡಿ ಹಿಡಿದು ತಮ್ಮ ಮುಖವನ್ನು ತಾವೇ ಬರೆದುಕೊಳ್ಳುವುದನ್ನು ನೋಡುವುದೇ ಒಂದು ಪಾಠ. ಮೊದಲು ಹಿರಿಯರ ಅನುಮತಿ ಕೇಳಿ. ತೆಯ್ಯಂ ಕಟ್ಟುವಲ್ಲಿ ಕೆಲವು ಹೊತ್ತು ಹೊರಗಿನವರು ಹತ್ತಿರ ಹೋಗುವ ಹಾಗಿಲ್ಲ, ಅದನ್ನು ಗೌರವಿಸಿ. ಆದರೆ ನಿದ್ದೆ ಈಗಾಗಲೇ ಹಾಳಾಗಿದ್ದರೆ ಇಡೀ ರಾತ್ರಿ ಕೂರಬೇಡಿ. ಸಂಜೆ ಬಣ್ಣ ಹಚ್ಚುವುದನ್ನು ನೋಡಿ ಮನೆಗೆ ಬನ್ನಿ.

ಹಂತ 3: ಓದನ್ನು ಸಣ್ಣದು ಮಾಡಿ

ಓದಲಾಗುವುದಿಲ್ಲ ಅನ್ನುವುದೇ ಕಾಯಿಲೆಯ ಒಂದು ಲಕ್ಷಣ. ಗಮನ ನಿಲ್ಲದಿರುವುದು ಡಿಪ್ರೆಶನ್ನಿನ ಪಟ್ಟಿಯಲ್ಲೇ ಇದೆ. ಆದ್ದರಿಂದ "ಮೊದಲು ಒಂದು ವಾರಕ್ಕೆ ಒಂದು ಕಾದಂಬರಿ ಮುಗಿಸುತ್ತಿದ್ದೆ, ಈಗ ದಡ್ಡಿ ಆಗಿಬಿಟ್ಟೆ" ಅಂತ ಅಳಬೇಡಿ. ಗಮನ ಮರಳಿ ಬರುತ್ತದೆ.

ಅಷ್ಟರ ತನಕ ಹೀಗೆ ಮಾಡಿ. ಕಾದಂಬರಿ ಬದಿಗಿಡಿ. ಒಂದು ಕವಿತೆ, ಒಂದು ಪುಟದ ಪ್ರಬಂಧ, ಮೊದಲೇ ಓದಿ ಇಷ್ಟಪಟ್ಟ ಕಥೆ ತೆಗೆದುಕೊಳ್ಳಿ. ಗೊತ್ತಿರುವ ಕಥೆಯಲ್ಲಿ ದಾರಿ ತಪ್ಪುವ ಹೆದರಿಕೆ ಇಲ್ಲ. ಗಟ್ಟಿಯಾಗಿ ಓದಿ. ಬಾಯಿ ಮತ್ತು ಕಿವಿ ಎರಡೂ ಕೆಲಸ ಮಾಡುವಾಗ ಕಣ್ಣು ಅಷ್ಟು ಸುಲಭಕ್ಕೆ ಜಾರುವುದಿಲ್ಲ. ಮನೆಯಲ್ಲಿ ಅಜ್ಜಿ ಇದ್ದರೆ ಅವರಿಗೆ ಓದಿ ಹೇಳಿ, ಮಾತನಾಡಿದ ಹಾಗೂ ಆಯಿತು. ಮಕ್ಕಳ ಚಿತ್ರ ಪುಸ್ತಕಗಳನ್ನು ಕೀಳಾಗಿ ನೋಡಬೇಡಿ. ಪುಟಕ್ಕೆ ಎರಡು ಸಾಲು, ಜೊತೆಗೆ ಒಂದು ಚಿತ್ರ, ಹತ್ತು ನಿಮಿಷದಲ್ಲಿ ಪೂರ್ತಿ ಪುಸ್ತಕ ಮುಗಿಯುತ್ತದೆ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಕನ್ನಡದ ಅಂತಹ ಪುಸ್ತಕಗಳು ಉಚಿತವಾಗಿ ಸಿಗುತ್ತವೆ.

ಇನ್ನು ಗ್ರಂಥಾಲಯ. ಈ ವಿಷಯದಲ್ಲಿ ಕೇರಳದಲ್ಲಿರುವ ನಾವು ಪುಣ್ಯವಂತರು. 1945ರಲ್ಲಿ ಪಿ. ಎನ್. ಪಣಿಕ್ಕರ್ ಶುರುಮಾಡಿದ ಗ್ರಂಥಶಾಲಾ ಚಳುವಳಿಯಿಂದಾಗಿ ಇಲ್ಲಿ ಹಳ್ಳಿ ಹಳ್ಳಿಗಳಲ್ಲಿ ವಾಚನಾಲಯ ಇದೆ. ಅವರು ತೀರಿಕೊಂಡ ಜೂನ್ 19ನ್ನು ಇಲ್ಲಿ ಓದುವ ದಿನವಾಗಿ ಆಚರಿಸುತ್ತಾರೆ. ಕಾಸರಗೋಡು, ಮಂಜೇಶ್ವರ ತಾಲೂಕುಗಳ ಕೆಲವು ವಾಚನಾಲಯಗಳಲ್ಲಿ ಕನ್ನಡ ಪುಸ್ತಕಗಳ ಕಪಾಟೂ ಇದೆ. ಸಂಜೆ ಅಲ್ಲಿಗೆ ಹೋಗಿ ಬರೇ ಪೇಪರ್ ತಿರುವಿದರೂ ಸಾಕು. ಮನೆಯಿಂದ ಹೊರಗೆ ಬಂದಿರಿ, ನಾಲ್ಕು ಜನರ ಹತ್ತಿರ ಕುಳಿತಿರಿ, ಯಾರೂ ಏನೂ ಕೇಳಲಿಲ್ಲ. ಮನಸ್ಸು ಸರಿ ಇಲ್ಲದಾಗ ಇಂತಹ ಜಾಗ ಸಿಗುವುದು ಸುಲಭ ಅಲ್ಲ.

ಕೆಲವು ದಿನ ಬಿಟ್ಟುಬಿಡಬೇಕಾದ ಓದೂ ಇದೆ. ಆತ್ಮಹತ್ಯೆಯನ್ನು ವಿವರವಾಗಿ ಬರೆದ ಕಥೆ, ನೋವೇ ಕಲಾವಿದನ ಬಂಡವಾಳ ಅನ್ನುವ ಬರಹ, ರಾತ್ರಿ ಮಲಗಿ ಮೊಬೈಲಿನಲ್ಲಿ ಓದುವ ಕಾಯಿಲೆಗಳ ಲಕ್ಷಣ. ಇವು ಯಾವುವೂ ಈಗ ಬೇಡ.

ಹಂತ 4: ಬರೆಯುವುದು, ಅಳತೆ ಮೀರದೆ

ಮನಸ್ಸಿನಲ್ಲಿ ಇರುವುದನ್ನು ಬರೆದರೆ ಹಗುರ ಆಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಹೇಗೆ ಬರೆಯಬೇಕು ಅಂತ ಯಾರೂ ಹೇಳುವುದಿಲ್ಲ. ಜೇಮ್ಸ್ ಪೆನ್ನೆಬೇಕರ್ ಅನ್ನುವ ಮನಶ್ಶಾಸ್ತ್ರಜ್ಞ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ, ತಮ್ಮನ್ನು ಕಾಡಿದ ಘಟನೆಯ ಬಗ್ಗೆ ಬರೆದರು. ಬರೆದ ಕೂಡಲೇ ಅವರಿಗೆ ಬೇಜಾರು ಜಾಸ್ತಿಯೇ ಆಗಿತ್ತು. ಲಾಭ ಕಂಡದ್ದು ತಿಂಗಳುಗಳ ನಂತರ, ಘಟನೆಯನ್ನೂ ಅದರ ಬಗ್ಗೆ ತಮಗೆ ಅನಿಸಿದ್ದನ್ನೂ ಸೇರಿಸಿ ಬರೆದವರಲ್ಲಿ.

ನೀವೂ ಹಾಗೆಯೇ ಮಾಡಿ. 15 ನಿಮಿಷ ದಾಟಬೇಡಿ. ಏನಾಯಿತು ಅಂತ ಬರೆಯಿರಿ, ಆಗ ಹೇಗನಿಸಿತು ಅಂತಲೂ ಬರೆಯಿರಿ. ಕಾಗುಣಿತ, ವ್ಯಾಕರಣ ನೋಡಬೇಡಿ. ತುಳುವಿನಲ್ಲಿ ಬಂದರೆ ತುಳು, ಹವ್ಯಕದಲ್ಲಿ ಬಂದರೆ ಹವ್ಯಕ. ನಾಲ್ಕು ದಿನ ಆದ ಮೇಲೆ ನಿಲ್ಲಿಸಿ. ದಿನಾ ಅದೇ ನೋವನ್ನು ಅದೇ ಮಾತಿನಲ್ಲಿ ಬರೆಯುತ್ತಿದ್ದರೆ ಅದು ಹುಣ್ಣನ್ನು ಕೆರೆದ ಹಾಗೆ. ರಾತ್ರಿ ಮಲಗುವ ಮುಂಚೆ ಬರೆಯಬೇಡಿ, ಹಗಲು ಬರೆಯಿರಿ, ಮುಗಿದ ಮೇಲೆ ಅಂಗಳಕ್ಕೆ ಒಂದು ಸುತ್ತು ಹೋಗಿ. ತೀರಾ ಇತ್ತೀಚಿನ ಆಘಾತ, ದೌರ್ಜನ್ಯದಂತಹ ವಿಷಯಗಳನ್ನು ಒಬ್ಬರೇ ಕುಳಿತು ಕೆದಕಬೇಡಿ. ಅದನ್ನು ಕೌನ್ಸೆಲರ್ ಎದುರು ತೆಗೆಯುವುದು ಸುರಕ್ಷಿತ.

ಯಾರಾದರೂ ಓದಿಬಿಟ್ಟರೆ? ನಮ್ಮ ಮನೆಗಳಲ್ಲಿ ಒಬ್ಬರಿಗೇ ಅಂತ ಕೋಣೆ ಇರುವುದು ಕಡಿಮೆ, ಈ ಹೆದರಿಕೆ ನಿಜವೇ. ಬಿಡಿ ಹಾಳೆಯಲ್ಲಿ ಬರೆದು ಹರಿದು ಹಾಕಿ. ಇಟ್ಟುಕೊಳ್ಳಲೇಬೇಕು ಅಂತ ಇಲ್ಲ.

ಹಂತ 5: ಮನೆಯಲ್ಲಿ ಒಬ್ಬರಿಗೆ ಹೇಳಿ

ಎಲ್ಲರಿಗೂ ಹೇಳಬೇಕಾಗಿಲ್ಲ, ಒಬ್ಬರು ಸಾಕು. ಅಮ್ಮ, ಅಕ್ಕ, ಚಿಕ್ಕಮ್ಮ, ಕಲಿಸಿದ ಟೀಚರ್, ಯಾರ ಹತ್ತಿರ ಬಾಯಿ ಬರುತ್ತದೋ ಅವರು. "ನನಗೆ ಡಿಪ್ರೆಶನ್" ಅಂತ ಶುರುಮಾಡಿದರೆ ಅವರು ಗಾಬರಿ ಆಗಬಹುದು, ಇಲ್ಲದಿದ್ದರೆ "ಅದೆಲ್ಲ ಮೊಬೈಲಿನಿಂದ" ಅಂತ ತಳ್ಳಿಬಿಡಬಹುದು. ಲೆಕ್ಕದ ಪುಸ್ತಕ ತೋರಿಸಿ ಹೇಳಿ: "ಅಮ್ಮ, ಎರಡು ವಾರದಿಂದ ಮೂರು ಗಂಟೆಗೆ ಎಚ್ಚರ ಆಗ್ತದೆ, ಮತ್ತೆ ನಿದ್ದೆ ಬರುವುದಿಲ್ಲ. ಊಟ ಸೇರುವುದಿಲ್ಲ. ಡಾಕ್ಟರ ಹತ್ತಿರ ಹೋಗುವಾಗ ನೀನು ಬರ್ತೀಯಾ?" ನಿದ್ದೆ, ಊಟ ಅಂದರೆ ಅಮ್ಮಂದಿರಿಗೆ ಕೂಡಲೇ ಅರ್ಥ ಆಗುತ್ತದೆ.

"ಅವನಿಗೆ ಉದಾಸೀನ, ಕೆಲಸ ಮಾಡಿದರೆ ಸರಿ ಹೋಗ್ತದೆ" ಅನ್ನುವ ಮಾತು ಬರುತ್ತದೆ. ವಾದ ಮಾಡಿ ಇರುವ ಶಕ್ತಿಯನ್ನೂ ಕಳೆದುಕೊಳ್ಳಬೇಡಿ. ಜೋಯಿಸರಲ್ಲಿ ಪ್ರಶ್ನೆ ಇಡಿಸೋಣ, ಹರಕೆ ಹೊರೋಣ ಅಂತ ಹೇಳುವವರೂ ಇರುತ್ತಾರೆ. ಅವರ ಸಮಾಧಾನಕ್ಕೆ ಅದು ನಡೆಯಲಿ. ನಿಮ್ಮ ಷರತ್ತು ಒಂದೇ ಇರಲಿ: ಅದೇ ವಾರ ಡಾಕ್ಟರನ್ನೂ ನೋಡಬೇಕು.

ಹಂತ 6: ಡಾಕ್ಟರ ಹತ್ತಿರ ಹೋಗುವುದು

ಹೆಚ್ಚಿನವರು ನಿಂತುಬಿಡುವುದು ಇಲ್ಲಿ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಯಾರು ಯಾರು ಅಂತ ತಿಳಿದುಕೊಳ್ಳಿ. ಸೈಕಿಯಾಟ್ರಿಸ್ಟ್ ಎಂಬಿಬಿಎಸ್ ಮಾಡಿ ಮನೋರೋಗದಲ್ಲಿ ಮುಂದೆ ಓದಿದ ಡಾಕ್ಟರ್, ಮದ್ದು ಬರೆಯುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಪರೀಕ್ಷೆ ಮಾಡುತ್ತಾರೆ, ಮಾತಿನ ಮೂಲಕ ಚಿಕಿತ್ಸೆ ಕೊಡುತ್ತಾರೆ, ಮದ್ದು ಬರೆಯುವುದಿಲ್ಲ. ಅವರಿಗೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಇರಬೇಕು, ಕೇಳಲು ಸಂಕೋಚ ಬೇಡ. ಕೌನ್ಸೆಲರ್ ಅಂತ ಬೋರ್ಡ್ ಹಾಕಿದವರೆಲ್ಲ ಒಂದೇ ತರಬೇತಿ ಪಡೆದವರಲ್ಲ, ಅವರ ಓದು ಏನು ಅಂತ ವಿಚಾರಿಸಿ.

ಎಲ್ಲಿಗೆ ಹೋಗುವುದು? ಹತ್ತಿರದ ಕುಟುಂಬ ಆರೋಗ್ಯ ಕೇಂದ್ರಕ್ಕೆ ಹೋಗಿ "ಆಶ್ವಾಸಂ ಇದೆಯಾ" ಅಂತ ಕೇಳಿ. ಇಂತಹ ಕೇಂದ್ರಗಳಲ್ಲಿ ಡಿಪ್ರೆಶನ್ ಪತ್ತೆ ಮಾಡಲು ಕೇರಳ ಆರೋಗ್ಯ ಇಲಾಖೆ ನಡೆಸುವ ಕಾರ್ಯಕ್ರಮ ಅದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ನಿಗದಿತ ದಿನಗಳಲ್ಲಿ ಬೇರೆ ಬೇರೆ ಸರಕಾರಿ ಆಸ್ಪತ್ರೆಗಳಿಗೆ ಬರುತ್ತದೆ. ನಿಮ್ಮ ಹತ್ತಿರ ಯಾವ ದಿನ ಅಂತ ಆಶಾ ಕಾರ್ಯಕರ್ತೆಯಲ್ಲಿ ವಿಚಾರಿಸಿ. ಕಾಸರಗೋಡಿನಲ್ಲಿ ಜನರಲ್ ಆಸ್ಪತ್ರೆ, ಕಾಞಂಗಾಡಿನಲ್ಲಿ ಜಿಲ್ಲಾ ಆಸ್ಪತ್ರೆ ಇದೆ. ಗಡಿಯ ತಲಪಾಡಿ ದಾಟಿದರೆ ದೇರಳಕಟ್ಟೆಯ ಮೆಡಿಕಲ್ ಕಾಲೇಜುಗಳು, ಮಂಗಳೂರಿನ ವೆನ್ಲಾಕ್ ಸರಕಾರಿ ಆಸ್ಪತ್ರೆ.

ನಮ್ಮ ಕಡೆಯವರು ಜಾಸ್ತಿ ಮಂಗಳೂರಿಗೇ ಹೋಗುತ್ತಾರೆ. ಕನ್ನಡ, ತುಳು ನಡೆಯುತ್ತದೆ, ಊರಿನವರ ಕಣ್ಣಿಗೂ ಬೀಳುವುದಿಲ್ಲ. ಹೋಗಿ, ತಪ್ಪೇನಿಲ್ಲ. ಆದರೆ 2020ರ ಮಾರ್ಚಿನಲ್ಲಿ, ಕೊರೊನಾ ಹೊತ್ತಿಗೆ, ಕರ್ನಾಟಕ ಗಡಿ ಮುಚ್ಚಿದಾಗ ನಮ್ಮ ಕಡೆಯ ರೋಗಿಗಳಿಗೆ ಮಂಗಳೂರಿಗೆ ಹೋಗಲಾಗದೆ ಏನಾಯಿತು ಅಂತ ನೆನಪಿದೆ ಅಲ್ವಾ? ಚೀಟಿಯ ಫೋಟೊ ಮೊಬೈಲಿನಲ್ಲಿ ಇರಲಿ, ಮದ್ದಿನ ಹೆಸರು ಬರೆದಿಟ್ಟುಕೊಳ್ಳಿ, ಇಲ್ಲಿಯ ಒಬ್ಬ ಡಾಕ್ಟರಿಗೂ ನಿಮ್ಮ ವಿಷಯ ಗೊತ್ತಿರಲಿ.

ಭಾಷೆಯ ತೊಡಕು ಸಣ್ಣದಲ್ಲ. ಪೇಟೆಯಲ್ಲಿ ಮೀನು ಕೊಳ್ಳಲು, ಬಸ್ಸಿನಲ್ಲಿ ಟಿಕೆಟ್ ಕೇಳಲು ನಮ್ಮ ಮಲಯಾಳ ಸಾಕಾಗುತ್ತದೆ. ಎದೆಯೊಳಗಿನ ಭಾರವನ್ನು ಅದರಲ್ಲಿ ಹೇಳಲು ಹೋದರೆ "ತಲೆನೋವು, ನಿದ್ದೆ ಇಲ್ಲ" ಅನ್ನುವಲ್ಲಿಗೆ ಮಾತು ಮುಗಿಯುತ್ತದೆ. ಡಾಕ್ಟರೂ ಅಷ್ಟಕ್ಕೇ ಮದ್ದು ಕೊಡುತ್ತಾರೆ. ಆದ್ದರಿಂದ ಹಿಂದಿನ ದಿನವೇ ಕನ್ನಡದಲ್ಲಿ ಒಂದು ಪುಟ ಬರೆದಿಡಿ. ಯಾವಾಗ ಶುರುವಾಯಿತು. ನಿದ್ದೆ, ಊಟ, ಕೆಲಸ ಹೇಗಿದೆ. ಸಾಯುವ ಯೋಚನೆ ಬಂದಿದೆಯಾ. ಕುಡಿತ, ಬೇರೆ ಅಮಲು ಇದೆಯಾ. ಮನೆಯಲ್ಲಿ ಯಾರಿಗಾದರೂ ಹೀಗೆ ಆಗಿತ್ತಾ. ಈಗ ಯಾವ ಮದ್ದು ತೆಗೆದುಕೊಳ್ಳುತ್ತಿದ್ದೀರಿ. ಎರಡೂ ಭಾಷೆ ಬರುವ ಗೆಳೆಯರಿಂದ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಬರೆಸಿ, ಎರಡು ಪುಟವನ್ನೂ ಕೊಡಿ. ಆಸ್ಪತ್ರೆಯಲ್ಲಿ ಕನ್ನಡ ಬರುವ ನರ್ಸ್ ಇದ್ದಾರಾ ಅಂತ ಒಪಿ ಚೀಟಿ ಮಾಡಿಸುವಾಗಲೇ ಕೇಳಿ. ನಿಮ್ಮ ವಿಷಯವನ್ನು ಗುಟ್ಟಾಗಿ ಇಡಬೇಕಾದದ್ದು 2017ರ ಅದೇ ಕಾಯ್ದೆಯ ಪ್ರಕಾರ ನಿಮ್ಮ ಹಕ್ಕು.

ಇನ್ನು ಮದ್ದು. ಡಿಪ್ರೆಶನ್ನಿಗೆ ಕೊಡುವ ಮದ್ದು ಕೆಲಸ ಶುರುಮಾಡಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ಮೊದಲ ವಾರ ಹೊಟ್ಟೆ ತೊಳಸುವುದು, ತಲೆನೋವು ಬರಬಹುದು. ತಳಮಳ ಜಾಸ್ತಿ ಆದರೆ, ಸಾಯುವ ಯೋಚನೆ ಹೆಚ್ಚಾದರೆ, ಅದೇ ದಿನ ಡಾಕ್ಟರಿಗೆ ಹೇಳಿ. ಸರಿ ಹೋಯಿತು ಅಂತ ನೀವೇ ಒಮ್ಮೆಲೇ ನಿಲ್ಲಿಸಬೇಡಿ. ನಿದ್ದೆಗೆ, ತಳಮಳಕ್ಕೆ ಕೊಡುವ ಕೆಲವು ಮಾತ್ರೆಗಳು ಅಭ್ಯಾಸ ಆಗಿಬಿಡುತ್ತವೆ, ಹೇಳಿದ ಅವಧಿ ದಾಟಬೇಡಿ, ಗೆಳೆಯರ ಮಾತ್ರೆ ನುಂಗಬೇಡಿ.

ಮದ್ದು ತಿಂದರೆ ಕಲೆ ಹೋಗಿಬಿಡುತ್ತದೆ ಅನ್ನುವ ಹೆದರಿಕೆ ತುಂಬಾ ಜನರಿಗೆ ಇದೆ. ಮಂಕು ಅನಿಸಿದರೆ ಅದನ್ನೂ ಡಾಕ್ಟರಿಗೆ ಹೇಳಿ. ಪ್ರಮಾಣ ಬದಲಿಸಬಹುದು, ಮದ್ದನ್ನೇ ಬದಲಿಸಬಹುದು. ಹಾಸಿಗೆಯಿಂದ ಏಳಲಾಗದ ದಿನ ಯಾರೂ ಒಳ್ಳೆಯ ಚಿತ್ರ ಬಿಡಿಸಿದ್ದನ್ನು ನಾನು ಕಂಡಿಲ್ಲ.

ಇದಕ್ಕೆ ವಿರುದ್ಧವಾದ ಒಂದು ಸ್ಥಿತಿಯೂ ಇದೆ, ಕಲಾವಿದರು ಅದನ್ನು ಗಮನಿಸುವುದೇ ಇಲ್ಲ. ಎರಡು ಮೂರು ಗಂಟೆ ನಿದ್ದೆ ಮಾಡಿದರೂ ಸುಸ್ತಿಲ್ಲ. ರಾತ್ರಿಯಿಡೀ ಚಿತ್ರ, ಮಾತು ನಿಲ್ಲುವುದಿಲ್ಲ, ಕೈಯಲ್ಲಿದ್ದ ದುಡ್ಡೆಲ್ಲ ಖರ್ಚು, ಯಾರು ಏನು ಹೇಳಿದರೂ ಸಿಟ್ಟು. ಇದು ದಿನಗಟ್ಟಲೆ ನಡೆದರೆ ಸ್ಫೂರ್ತಿ ಅಂತ ಖುಷಿಪಡಬೇಡಿ, ಬೈಪೋಲಾರ್ ಕಾಯಿಲೆಯ ಏರು ಹಂತ ಇರಬಹುದು. ಹಿಂದೆ ಎಂದಾದರೂ ಹೀಗೆ ಆಗಿದ್ದರೆ ಡಾಕ್ಟರಿಗೆ ತಪ್ಪದೆ ಹೇಳಿ. ಈ ಕಾಯಿಲೆಗೆ ಡಿಪ್ರೆಶನ್ ಮದ್ದು ಒಂದನ್ನೇ ಕೊಟ್ಟರೆ ಏರು ಹಂತ ಕೆರಳಬಹುದು.

ಹಂತ 7: ಸಂಪಾದನೆಯ ಕೆಲಸ

ಚಿತ್ರ, ಡಿಸೈನು, ಬರಹದಿಂದಲೇ ಹೊಟ್ಟೆ ಹೊರೆಯುವವರಿಗೆ ಇದು. ಕೆಲಸ ಕೊಟ್ಟವರಿಗೆ ಕಾಯಿಲೆಯ ಹೆಸರು ಹೇಳಬೇಕಾಗಿಲ್ಲ. ಮಾಯ ಆಗುವುದು ಮಾತ್ರ ಬೇಡ. ಫೋನ್ ಎತ್ತದೆ ಇದ್ದಷ್ಟೂ ಮಂಡೆಬೆಚ್ಚ (ತಲೆಬಿಸಿ) ಜಾಸ್ತಿ. ಇಷ್ಟು ಬರೆದು ಕಳಿಸಿ: "ಆರೋಗ್ಯ ಸರಿ ಇಲ್ಲ, ಚಿಕಿತ್ಸೆ ನಡೆಯುತ್ತಿದೆ. ಮುಖಪುಟ 20ನೇ ತಾರೀಕಿಗೆ ಕೊಡುತ್ತೇನೆ. ಅಷ್ಟು ಕಾಯಲು ಆಗದಿದ್ದರೆ ದಯವಿಟ್ಟು ಈಗಲೇ ತಿಳಿಸಿ, ಬೇರೆಯವರ ನಂಬರು ಕೊಡುತ್ತೇನೆ." ಹೆಚ್ಚಿನವರು ಕಾಯುತ್ತಾರೆ.

ಮರಳಿ ಕೆಲಸಕ್ಕೆ ಕೂರುವಾಗ ಮೊದಲು ಬಾಕಿ ಇರುವುದರಲ್ಲಿ ಅತಿ ಸಣ್ಣದನ್ನು ಮುಗಿಸಿ. ಹೊಸ ಕೆಲಸ ಒಪ್ಪಿಕೊಳ್ಳುವಾಗ ನಿಮಗೆ ಎಷ್ಟು ದಿನ ಬೇಕು ಅನಿಸುತ್ತದೋ ಅದಕ್ಕೆ ಅರ್ಧದಷ್ಟು ಸೇರಿಸಿ ತಾರೀಕು ಹೇಳಿ, ಮುಂಗಡ ಕೇಳಿ. ಡಾಕ್ಟರನ್ನು ಮತ್ತೆ ನೋಡಬೇಕಾದ ದಿನವನ್ನು ಕ್ಯಾಲೆಂಡರಿನಲ್ಲಿ ಮೊದಲು ಗುರುತು ಮಾಡಿ, ಡೆಡ್‌ಲೈನ್ ಅದರ ಆಚೆ ಈಚೆ ಇಡಿ.